ವರ್ಗ ತಪ್ಪಿಸಿಕೊಂಡ ಅಂತರಗಳು

ಶಾಲೆಯ ಆವರಣದೊಳಗೆ ‘ವರ್ಗ’ ಎಂಬ ಶಬ್ದ ಹೊತ್ತಿರುವಷ್ಟು ಭಾರವನ್ನು ಬೇರೆ ಯಾವ ಶಬ್ದವೂ ಹೊತ್ತಿರಲಾರದು. ಮಕ್ಕಳು ಕೂಡುವ ಕೊಠಡಿ ವರ್ಗ. ವ್ಯಾಕರಣದ ಪಾಠದಲ್ಲಿ ಕಕಾರಾದಿ ಅಕ್ಷರಗಳ ಗುಂಪು ವರ್ಗ. ಉಪಾಧ್ಯಾಯರನ್ನು ಒಂದೂರಿನಿಂದ ಮತ್ತೊಂದೂರಿಗೆ ಕಳುಹಿಸುವ ಆಜ್ಞೆಯೂ ವರ್ಗವೇ. ಒಂದು ಸಂಖ್ಯೆಯನ್ನು ಅದರಿಂದಲೇ ಗುಣಿಸಿದಾಗ ಬರುವ ಫಲವೂ ವರ್ಗ. ಈ ಕಡೆಯದಕ್ಕೆ ಪ್ರಾಚೀನ ಗಣಿತಗ್ರಂಥಗಳಲ್ಲಿ ‘ಕೃತಿ’ ಎಂಬ ಇನ್ನೊಂದು ಹೆಸರೂ ಉಂಟು. ಮಹಾಕವಿಯ ಕಾವ್ಯವೂ ಕೃತಿ, ಐದೈದಲ ಇಪ್ಪತ್ತೈದೂ ಕೃತಿ! ಸಾಹಿತ್ಯದವರೂ ಗಣಿತದವರೂ ಒಂದೇ ಮನೆಯ ದಾಯಾದಿಗಳೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಾಗಿಲ್ಲ.

ಮೂಡಿಗೆರೆಯಿಂದ ಕಳಸದ ಕಡೆಗೆ ಹೋಗುವ ಮಾರ್ಗದಲ್ಲಿ, ಕಾಫಿಯ ತೋಟಗಳ ನಡುವೆ ಇದ್ದ ಒಂದು ಪ್ರೌಢಶಾಲೆಯಲ್ಲಿ ಗಣಿತದ ಉಪಾಧ್ಯಾಯರೊಬ್ಬರಿದ್ದರು. ಬಯಲುಸೀಮೆಯಿಂದ ಬಂದವರು. ಆ ಭಾಗಕ್ಕೆ ಬಂದ ಬಯಲುಸೀಮೆಯ ಉಪಾಧ್ಯಾಯರು ಸಾಮಾನ್ಯವಾಗಿ ಮೊದಲನೆಯ ಮಳೆಗಾಲವನ್ನು ಸಹಿಸುತ್ತಾರೆ. ಎರಡನೆಯ ಮಳೆಗಾಲದಲ್ಲಿ ಜಿಗಣೆಯನ್ನು ಕುರಿತು ಮಾತನಾಡತೊಡಗುತ್ತಾರೆ. ಮೂರನೆಯದಕ್ಕೆ ಮುಂಚೆ ವರ್ಗಕ್ಕೆ ಅರ್ಜಿ ಬರೆಯುತ್ತಾರೆ. ಇವರು ಮಾತ್ರ ಅರ್ಜಿ ಬರೆಯಲಿಲ್ಲ. ವರ್ಗದ ಪಟ್ಟಿಯಲ್ಲಿ ಹೆಸರು ಬಂದಾಗಲೆಲ್ಲ ಹೇಗೋ ತಪ್ಪಿಸಿಕೊಂಡರು. ಆದ್ದರಿಂದ ಅವರಿಗೆ ಬಹು ಪ್ರಿಯವಾಗಿದ್ದ ಲೆಕ್ಕವೂ ವರ್ಗ ತಪ್ಪಿಸಿಕೊಳ್ಳುವ ಲೆಕ್ಕವೇ ಆದದ್ದನ್ನು ಕಂಡು ಸಹೋದ್ಯೋಗಿಗಳು ಹಾಸ್ಯ ಮಾಡುತ್ತಿದ್ದರು.

ಆ ಲೆಕ್ಕವನ್ನು ಅವರು ಪ್ರತಿವರ್ಷ ಆಷಾಢದಲ್ಲಿ, ಹೊರಗೆ ಮಳೆ ಹಿಡಿದು ಆಟದ ಬಯಲು ಕೆರೆಯಾಗಿರುವ ದಿನಗಳಲ್ಲಿ, ಒಂಬತ್ತನೆಯ ತರಗತಿಯ ಮಕ್ಕಳ ಮುಂದೆ ಇಡುತ್ತಿದ್ದರು. ಕಾಫಿಯ ತೋಟದಲ್ಲಿ ಹೊಸದಾಗಿ ಗಿಡ ಹಾಕುವಾಗ ಹಗ್ಗ ಹಿಡಿದು ಸಾಲಾಗಿ ಗೂಟ ಹೊಡೆಯುವುದನ್ನು ಆ ಮಕ್ಕಳು ತಮ್ಮ ಕಣ್ಣಾರೆ ಕಂಡವರು. ಆದಕಾರಣ ಲೆಕ್ಕವೂ ಗೂಟದ ರೂಪದಲ್ಲಿಯೇ ಬರುತ್ತಿತ್ತು. ಒಂದೊಂದು ಗಜದ ದೂರಕ್ಕೆ ಒಂದೊಂದರಂತೆ ಗೂಟಗಳಿವೆ. ಅವಕ್ಕೆ 1, 2, 3 ಎಂದು ಕ್ರಮವಾಗಿ ಸಂಖ್ಯೆ ಕೊಟ್ಟಿದೆ. ಕೆಲವು ಗೂಟಗಳನ್ನು ಆರಿಸಿ ಅಲ್ಲಿ ನೆರಳಿಗೆ ಸಿಲ್ವರ್ ಮರ ನೆಡಬೇಕು. ನಿಯಮ ಒಂದೇ: ಯಾವ ಎರಡು ಮರಗಳ ನಡುವಣ ದೂರವೂ ವರ್ಗಸಂಖ್ಯೆಯಾಗಕೂಡದು. 1, 4, 9, 16, 25, 36 ಮುಂತಾದ ದೂರಗಳು ನಿಷಿದ್ಧ. ಪಕ್ಕಪಕ್ಕದ ಮರಗಳ ದೂರ ಮಾತ್ರವಲ್ಲ, ಈ ತುದಿಯ ಮರಕ್ಕೂ ಆ ತುದಿಯ ಮರಕ್ಕೂ ಇರುವ ದೂರವೂ ಈ ನಿಯಮಕ್ಕೆ ಒಳಪಟ್ಟದ್ದು. ಹೀಗಿರುವಲ್ಲಿ ಅತ್ಯಧಿಕವಾಗಿ ಎಷ್ಟು ಮರ ನೆಡಬಹುದು?

ಉಪಾಧ್ಯಾಯರ ಮಾರ್ಗ ಸರಳವಾಗಿತ್ತು. ಮೊದಲನೆಯ ಗೂಟದಲ್ಲಿ ಮರ ನೆಡು, ಮುಂದಕ್ಕೆ ನಡೆ, ಹಿಂದಿನ ಯಾವ ಮರದೊಂದಿಗೂ ನಿಷಿದ್ಧ ದೂರ ಬಾರದ ಮೊಟ್ಟಮೊದಲ ಗೂಟ ಸಿಕ್ಕಿದೊಡನೆ ಅಲ್ಲಿ ನೆಡು, ಪುನಃ ಮುಂದಕ್ಕೆ ನಡೆ. ಸಿಕ್ಕಿದ ಜಾಗವನ್ನು ಬಿಡಬಾರದು. ಹೀಗೆ ಮಾಡಿದರೆ 1, 3, 6, 8, 11, 13, 16, 18, 21, 23 ಎಂಬ ಹತ್ತು ಗೂಟಗಳು ಬರುತ್ತವೆ. ಎರಡು, ಮೂರು, ಎರಡು, ಮೂರು ಎಂದು ತಾಳ ಹಾಕಿದಂತೆ ಹೆಜ್ಜೆ. ಇಲ್ಲಿಯವರೆಗೆ ಬಂದಾಗ ತರಗತಿಯ ಮಂದಮತಿಗೂ ಮುಂದಿನ ಗೂಟ 26 ಎಂದು ತೋರುತ್ತದೆ. ಆದರೆ 26ರಲ್ಲಿ 1ನ್ನು ಕಳೆದರೆ 25, ಅದು ವರ್ಗ. 28 ಆಗದು, ಅದಕ್ಕೂ 3ಕ್ಕೂ 25ರ ಅಂತರ. ಹಾಗೆ ಒಂದೊಂದನ್ನೇ ನೋಡುತ್ತ ಹೋದರೆ 34ರವರೆಗೂ ಕಾಲಿಡಲು ಜಾಗವಿಲ್ಲ. ಮುಂದಿನ ಮರ 35ರಲ್ಲಿ. ಅನಂತರ 40, 45, 53, 58, 63, 66, 68, 73. ಹನ್ನೆರಡು ಗಜದ ಆ ಬರಿದು ಜಾಗವನ್ನು ಉಪಾಧ್ಯಾಯರು ಕಪ್ಪುಹಲಗೆಯ ಮೇಲೆ ಸೀಮೆಸುಣ್ಣದಿಂದ ಉದ್ದಕ್ಕೆ ಗೀಚಿ ತೋರಿಸುವಾಗ ಅವರ ಮುಖದಲ್ಲಿ ಒಂದು ಬಗೆಯ ಸಂತೋಷ ಕಾಣುತ್ತಿತ್ತು.

ಮೊದಲ ಹತ್ತು ಗೂಟಗಳ ತಾಳಕ್ಕೆ ಕಾರಣವಿದೆ. ಯಾವುದೇ ವರ್ಗಸಂಖ್ಯೆಯನ್ನು ಐದರಿಂದ ಭಾಗಿಸಿದರೆ ಉಳಿಯುವ ಶೇಷ 0 ಅಥವಾ 1 ಅಥವಾ 4. ಎರಡಾಗಲಿ ಮೂರಾಗಲಿ ಉಳಿಯುವುದಿಲ್ಲ. ಆ ಹತ್ತು ಗೂಟಗಳನ್ನು ಐದರಿಂದ ಭಾಗಿಸಿದರೆ ಉಳಿಯುವುದು 1 ಅಥವಾ 3 ಮಾತ್ರ. ಆದ್ದರಿಂದ ಎರಡು ಗೂಟಗಳ ಶೇಷಗಳು ಬೇರೆಬೇರೆಯಾಗಿದ್ದರೆ ಅವುಗಳ ಅಂತರ ವರ್ಗವಾಗುವ ಭಯವೇ ಇಲ್ಲ. ಶೇಷ ಒಂದೇ ಆಗಿದ್ದರೆ ಅಂತರ ಐದರ ಗುಣಿತ. ಐದರ ಗುಣಿತಗಳಲ್ಲಿ ಮೊದಲನೆಯ ವರ್ಗ 25. ಅಲ್ಲಿಗೆ ತಲುಪುವವರೆಗೆ ದಾರಿ ನಿಷ್ಕಂಟಕ. 25 ಬಂತೋ ತಾಳ ತಪ್ಪಿತು.

ಇದೇ ಲೆಕ್ಕಕ್ಕೆ ಆಟದ ರೂಪವೂ ಒಂದುಂಟು. ಮಲೆನಾಡಿನ ಮನೆಗಳಲ್ಲಿ ಮಳೆಗಾಲಕ್ಕೆ ಚೆನ್ನೆಮಣೆ ಇಳಿಯುವ ಕಾಲದಲ್ಲಿ ಈ ಶಾಲೆಯ ಮಕ್ಕಳು ಕಾಫಿಯ ಬೀಜವನ್ನು ಗುಡ್ಡೆಹಾಕಿ ಆಡುತ್ತಿದ್ದರು. ಇಬ್ಬರು ಆಟಗಾರರು, ಸರದಿಯ ಮೇಲೆ ಒಂದೋ ನಾಲ್ಕೋ ಒಂಬತ್ತೋ, ಒಟ್ಟಿನಲ್ಲಿ ವರ್ಗಸಂಖ್ಯೆಯಷ್ಟು ಬೀಜಗಳನ್ನು ತೆಗೆಯಬೇಕು, ಕಡೆಯ ಬೀಜ ತೆಗೆದವನು ಗೆದ್ದ. ಅಮೆರಿಕದ ಗಣಿತಜ್ಞ ಸಾಲೊಮನ್ ಗೊಲೊಂಬ್ 1966ರಲ್ಲಿ ಈ ಜಾತಿಯ ಆಟಗಳನ್ನು ಶಾಸ್ತ್ರೀಯವಾಗಿ ವಿವೇಚಿಸಿದರು. ಗುಡ್ಡೆಯಲ್ಲಿ 2, 5, 7, 10, 12 ಬೀಜಗಳಿದ್ದಾಗ ಮೊದಲು ಕೈಹಾಕುವವನು ಎಷ್ಟೇ ಜಾಣನಾಗಿದ್ದರೂ, ಎದುರಾಳಿ ತಪ್ಪದೆ ಆಡಿದರೆ, ಸೋಲಲೇಬೇಕು. ಈ ಸೋಲಿನ ಸಂಖ್ಯೆಗಳು ಗೂಟಗಳ ಸಂಖ್ಯೆಯಿಂದ ಒಂದೊಂದು ಕಳೆದವೇ ಆಗಿವೆ. ಏಕೆಂದರೆ ಒಂದು ಸೋಲಿನ ಗುಡ್ಡೆಯಿಂದ ಇನ್ನೊಂದು ಸೋಲಿನ ಗುಡ್ಡೆಗೆ ಒಂದೇ ಹೆಜ್ಜೆಯಲ್ಲಿ ಹೋಗಲು ಬರುವಂತಿದ್ದರೆ ಅದು ಸೋಲಿನದಾಗುತ್ತಲೇ ಇರಲಿಲ್ಲ. ಬಾಬಾಬುಡನ್ ಈ ಗಿರಿಗೆ ತಂದು ನೆಟ್ಟರೆಂದು ಐತಿಹ್ಯ ಹೇಳುವುದು ಏಳು ಬೀಜಗಳನ್ನು. ಆ ಏಳನ್ನೇ ಮೇಜಿನ ಮೇಲೆ ಇಟ್ಟು “ಮೊದಲು ನೀನೇ ತೆಗೆಯಪ್ಪ” ಎಂದು ಉಪಾಧ್ಯಾಯರು ಹೊಸಬರನ್ನು ಕರೆಯುತ್ತಿದ್ದರು. ಪಾಪ, ಹುಡುಗ ಒಂದು ತೆಗೆದರೂ ಸೋಲು, ನಾಲ್ಕು ತೆಗೆದರೂ ಸೋಲು.

ಸಂಖ್ಯೆಗಳ ಸ್ವಭಾವವನ್ನು ಹೀಗೆ ಸುಮ್ಮನೆ ನೋಡಿ ಸಂತೋಷಪಡುವುದು ಕನ್ನಡ ನಾಡಿಗೆ ಹೊಸತಲ್ಲ. ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಒಂಬತ್ತನೆಯ ಶತಮಾನದಲ್ಲಿ, ಮಹಾವೀರಾಚಾರ್ಯ ರಚಿಸಿದ ‘ಗಣಿತಸಾರಸಂಗ್ರಹ’ದಲ್ಲಿ ವರ್ಗ ಮಾಡುವ ವಿಧಾನಗಳ ನಡುವೆ ಒಂದು ಚೆಲುವಾದ ವಿಧಾನವಿದೆ: ಒಂದರಿಂದ ತೊಡಗಿ ಎರಡೆರಡು ಹೆಚ್ಚಿಸುತ್ತ ಬೇಕಾದಷ್ಟು ಪದಗಳನ್ನು ಕೂಡಿದರೆ ಆ ಪದಗಳ ಎಣಿಕೆಯ ವರ್ಗ ಬರುತ್ತದೆ. 1, 3, 5, 7 ಕೂಡಿದರೆ 16. ಋಣಸಂಖ್ಯೆ ವರ್ಗವಲ್ಲವಾದ್ದರಿಂದ ಅದಕ್ಕೆ ವರ್ಗಮೂಲವಿಲ್ಲವೆಂದು ಹೇಳಿದವನೂ ಅವನೇ. ಆ ಗ್ರಂಥವನ್ನು ಎಂ. ರಂಗಾಚಾರ್ಯರು ಇಂಗ್ಲಿಷ್ ಅನುವಾದದೊಡನೆ 1912ರಲ್ಲಿ ಮದರಾಸಿನಲ್ಲಿ ಅಚ್ಚುಮಾಡಿಸಿದರು. ಹನ್ನೆರಡನೆಯ ಶತಮಾನದ ರಾಜಾದಿತ್ಯನಂತೂ ‘ವ್ಯವಹಾರಗಣಿತ’ವನ್ನು ಕನ್ನಡದಲ್ಲಿಯೇ ಬರೆದ. ಇವರಿಬ್ಬರ ಹೆಸರುಗಳನ್ನೂ ಉಪಾಧ್ಯಾಯರು ಮಕ್ಕಳಿಗೆ ಹೇಳುತ್ತಿದ್ದರು. ಪಠ್ಯಕ್ರಮದಲ್ಲಿ ಇಲ್ಲದ ಇಂಥ ಮಾತುಗಳಿಗೆ ತನಿಖಾಧಿಕಾರಿಗಳು ಬಂದ ದಿನ ಮಾತ್ರ ವಿರಾಮ.

ಗೂಟದ ಲೆಕ್ಕವನ್ನು ಅವರು ಒಂದು ದಪ್ಪ ನೋಟುಬುಕ್ಕಿನಲ್ಲಿ ವರ್ಷದಿಂದ ವರ್ಷಕ್ಕೆ ಮುಂದುವರಿಸಿಕೊಂಡು ಬಂದಿದ್ದರು. ಸಿಕ್ಕಿದ ಮೊದಲ ಜಾಗವನ್ನು ಬಿಡದೆ ಹಿಡಿಯುವವನೇ ಕೊನೆಗೆ ಹೆಚ್ಚು ಮರ ನೆಡುತ್ತಾನೆಂಬುದು ಅವರಿಗೆ ಸಿದ್ಧಾಂತಕ್ಕಿಂತ ಮಿಗಿಲಾಗಿ ನಂಬಿಕೆಯಾಗಿತ್ತು. ಅದನ್ನು ಸಾಧಿಸಿ ತೋರಿಸಿರಲಿಲ್ಲ. ಸಾಧಿಸಬೇಕೆಂಬ ಅನುಮಾನವೇ ಬಂದಿರಲಿಲ್ಲ. ಮಿತವ್ಯಯದ ಸಂಸಾರಿಗಳಿಗೆ ಈ ನಂಬಿಕೆ ಸಹಜ.

ಒಂದು ವರ್ಷ ಒಂಬತ್ತನೆಯ ತರಗತಿಯಲ್ಲಿ ತೋಟದ ಲೈನಿನಿಂದ ಬರುತ್ತಿದ್ದ ಹುಡುಗಿಯೊಬ್ಬಳಿದ್ದಳು. ತಂದೆತಾಯಿಗಳು ಕೂಲಿಯವರು. ಕಾಫಿಯ ಹಣ್ಣು ಕೊಯ್ಯುವವರಿಗೆ ತೂಕದ ಮೇಲೆ ಕೂಲಿ; ಸಂಜೆ ತೂಕ ಹಾಕುವಾಗ ತಾಯಿಯ ಲೆಕ್ಕದೊಡನೆ ಆಚೀಚೆಯ ನಾಲ್ಕು ಮನೆಗಳ ಲೆಕ್ಕವನ್ನೂ ಈ ಹುಡುಗಿ ಬಾಯಲ್ಲೇ ಹೇಳುತ್ತಿದ್ದಳೆಂದು ಪ್ರತೀತಿ. ತರಗತಿಯಲ್ಲಿ ಮಾತ್ರ ಮಾತಿಲ್ಲ. ಆಷಾಢದಲ್ಲಿ ಕೇಳಿದ ಲೆಕ್ಕವನ್ನು ಉಳಿದವರು ಶ್ರಾವಣದ ಹೊತ್ತಿಗೆ ಮರೆತಿದ್ದರು. ಆಕೆ ಕಾರ್ತಿಕದಲ್ಲಿ, ಅರಾಬಿಕದ ಹಣ್ಣು ಕೆಂಪೇರತೊಡಗಿದ್ದ ದಿನಗಳಲ್ಲಿ, ಒಂದು ಹಾಳೆಯನ್ನು ತಂದು ಮೇಜಿನ ಮೇಲಿಟ್ಟು ಹೋದಳು. ಹಾಳೆಯಲ್ಲಿ ಹನ್ನೆರಡು ಸಂಖ್ಯೆಗಳು:

1, 4, 6, 11, 16, 18, 21, 23, 28, 33, 35, 38.

ಕೆಳಗೆ ‘38 ಗೂಟಕ್ಕೆ 12 ಮರ’ ಎಂದು ಬರೆದಿತ್ತು.

ಉಪಾಧ್ಯಾಯರ ಸಾಲಿನಲ್ಲಿ 38ನೆಯ ಗೂಟದವರೆಗೆ ಇದ್ದದ್ದು ಹನ್ನೊಂದು ಮರ; ಹನ್ನೆರಡನೆಯದು 40ರಲ್ಲಿ. ಅವರು ಹಾಳೆಯ ಎರಡನೆಯ ಸಂಖ್ಯೆಯನ್ನು ನೋಡಿದರು. 3 ಇರಬೇಕಾದಲ್ಲಿ 4 ಇತ್ತು. ಅಷ್ಟು ಸಾಕಾಯಿತು. ಕೆಂಪು ಶಾಯಿಯಲ್ಲಿ ಅಡ್ಡಗೆರೆ ಎಳೆದು, ಹಾಳೆಯನ್ನು ತರಗತಿಗೆ ಎತ್ತಿ ತೋರಿಸಿ, “ಹತ್ತಿರದ ಜಾಗ ಬಿಟ್ಟು ದೂರಕ್ಕೆ ಹಾರಿದರೆ ಲಾಭವಾಗುತ್ತದೆಯೇನಮ್ಮಾ? ನಿಯಮವನ್ನೇ ಓದಿಕೊಂಡಿಲ್ಲ” ಎಂದರು. ತರಗತಿ ನಕ್ಕಿತು. ಹುಡುಗಿ ಎದ್ದು ನಿಂತಿದ್ದವಳು ಕುಳಿತಳು.

ಆ ರಾತ್ರಿ ದೀಪದ ಬೆಳಕಿನಲ್ಲಿ ಉತ್ತರಪತ್ರಿಕೆಗಳ ಕಟ್ಟನ್ನು ಬಿಚ್ಚುವಾಗ ಹಾಳೆ ಪುನಃ ಕಣ್ಣಿಗೆ ಬಿತ್ತು. ತಪ್ಪು ಎಲ್ಲಿದೆ ಎಂದು ಗುರುತು ಮಾಡದೆ ತಪ್ಪು ಎಂದು ಬರೆಯುವುದು ಅವರ ಪದ್ಧತಿಯಲ್ಲ. ಹನ್ನೆರಡು ಸಂಖ್ಯೆಗಳಲ್ಲಿ ಎರಡೆರಡನ್ನು ಆರಿಸಿದರೆ 66 ಜೊತೆಗಳು. ಒಂದೊಂದನ್ನೇ ಕಳೆಯುತ್ತ ಹೋದರು. 4ರಲ್ಲಿ 1 ಹೋದರೆ 3. 6ರಲ್ಲಿ 1 ಹೋದರೆ 5. 38ರಲ್ಲಿ 1 ಹೋದರೆ 37. ಅರವತ್ತಾರೂ ಮುಗಿದವು. ವರ್ಗವೆಂಬುದು ಎಲ್ಲಿಯೂ ತಲೆಹಾಕಿರಲಿಲ್ಲ. ಪುನಃ ಮೊದಲಿನಿಂದ ಮಾಡಿದರು. ಆಮೇಲೆ ಅವರಿಗೆ ಕಂಡದ್ದು ಇನ್ನೊಂದು: ಮೊದಲನೆಯದನ್ನೂ ಕಡೆಯದನ್ನೂ ಕೂಡಿದರೆ 39, ಎರಡನೆಯದನ್ನೂ ಅದರ ಎದುರಿನದನ್ನೂ ಕೂಡಿದರೂ 39, ನಡುವಿನ 18, 21 ಕೂಡಿದರೂ 39. ಹೆಜ್ಜೆಗಳನ್ನು ಬರೆದರೆ 3, 2, 5, 5, 2, 3, 2, 5, 5, 2, 3. ಹಿಂದಿನಿಂದ ಓದಿದರೂ ಅದೇ. ಚಿತ್ರಕವಿಗಳು ಗತಪ್ರತ್ಯಾಗತವೆಂದು ಕರೆಯುವ ಬಂಧ ಇದು. ತಪ್ಪುಮಾಡಿದ ಮಗು ಆಕಸ್ಮಿಕವಾಗಿ ಇಂಥದ್ದನ್ನು ಬರೆಯುವುದಿಲ್ಲ.

ಮರುದಿನ ಬೆಳಿಗ್ಗೆ ಅವರು ಮಾಡಬೇಕಾಗಿದ್ದ ಕೆಲಸ ಸ್ಪಷ್ಟವಾಗಿತ್ತು, ಮಾಡಲಿಲ್ಲ. ಹುಡುಗಿ ಅಂದು ಶಾಲೆಗೆ ಬಂದಿರಲಿಲ್ಲವೆಂಬುದು ಒಂದು ನೆಪ. ಅರವತ್ತಾರು ವ್ಯವಕಲನಗಳು ಸಾಲದೆ ಹೋಗಿ ದೊಡ್ಡವರ ಮಾತೊಂದು ಬೇಕೆನಿಸಿದ್ದು ನಿಜವಾದ ಕಾರಣ. ಬೆಂಗಳೂರಿನಲ್ಲಿ ಉಚ್ಚ ಗಣಿತದ ವ್ಯಾಸಂಗ ಮಾಡುತ್ತಿದ್ದ ಹಳೆಯ ವಿದ್ಯಾರ್ಥಿಗೆ ಕಾಗದ ಬರೆದು ಹಾಕಿದರು. ಉತ್ತರ ಬರಲು ಹದಿನೈದು ದಿನಗಳು ಹಿಡಿದವು. ಅಷ್ಟು ದಿನವೂ ಹುಡುಗಿಯ ಜಾಗ ಬರಿದಾಗಿತ್ತು. ಕೊಯ್ಲಿನ ಕಾಲದಲ್ಲಿ ಲೈನಿನ ಮಕ್ಕಳು ಬಾರದೆ ಇರುವುದು ಅಲ್ಲಿ ಹೊಸತೂ ಅಲ್ಲ; ಹಾಗೆ ಹೋದವರಲ್ಲಿ ಕೆಲವರು ಮತ್ತೆ ಬರುತ್ತಲೂ ಇರಲಿಲ್ಲ.

ಕಾಗದ ಎಂಟು ಪುಟಗಳಷ್ಟಿತ್ತು. ಮೇಷ್ಟ್ರಿಗೆ ಮಳೆಗಾಲದ ಮನರಂಜನೆಯಾಗಿದ್ದ ಲೆಕ್ಕ ಹೊರಗಿನ ಪ್ರಪಂಚದಲ್ಲಿ ಘನವಾದ ವಿದ್ವಾಂಸರ ನಿದ್ದೆ ಕೆಡಿಸಿದ್ದಿತು. ಹಂಗೆರಿಯ ಲಾಸ್ಲೊ ಲೊವಾಸ್ ಒಂದು ಊಹೆಯನ್ನು ಮುಂದಿಟ್ಟಿದ್ದರು: ಸಾಲು ಉದ್ದವಾದಂತೆಲ್ಲ ಮರಗಳ ಪ್ರಮಾಣ ನೂರಕ್ಕೆ ಇಷ್ಟು ಎಂಬುದು ಕುಗ್ಗುತ್ತ ಸೊನ್ನೆಯ ಕಡೆಗೆ ಹೋಗಲೇಬೇಕು. ನೂರಕ್ಕೆ ಒಂದರಂತೆ ಮಾತ್ರ ನೆಡುತ್ತೇನೆಂದರೂ, ಸಾವಿರಕ್ಕೆ ಒಂದರಂತೆ ಎಂದರೂ, ಸಾಲು ಸಾಕಷ್ಟು ಉದ್ದವಾಗಿದ್ದರೆ ಎಲ್ಲೋ ಎರಡು ಮರಗಳ ನಡುವೆ ವರ್ಗದ ಅಂತರ ಬಂದೇ ಬರುತ್ತದೆ. ಇದನ್ನು ಇಸ್ರೇಲಿನ ಹಿಲೆಲ್ ಫರ್ಸ್ಟೆನ್‌ಬರ್ಗ್ 1977ರಲ್ಲಿ ಸಾಧಿಸಿದರು. ಹಂಗೆರಿಯ ಆಂದ್ರಾಶ್ ಶಾರ್ಕೋಜಿ 1978ರಲ್ಲಿ ಸ್ವತಂತ್ರವಾಗಿ ಸಾಧಿಸಿದರು. ಫರ್ಸ್ಟೆನ್‌ಬರ್ಗರ ಮಾರ್ಗ ವಿಚಿತ್ರವಾದದ್ದು: ಸಂಖ್ಯೆಗಳನ್ನು ಬಿಟ್ಟು, ನಿಯಮಬದ್ಧವಾಗಿ ಚಲಿಸುತ್ತಿರುವ ವ್ಯವಸ್ಥೆಯೊಂದನ್ನು ಕಲ್ಪಿಸಿ, ಅದರ ಒಂದು ಭಾಗ ವರ್ಗಸಂಖ್ಯೆಯ ಕ್ಷಣದಲ್ಲಿ ತನ್ನ ಹಳೆಯ ನೆಲೆಯನ್ನು ಪುನಃ ಮುಟ್ಟುತ್ತದೆಂದು ತೋರಿಸುವುದು. ಶಾರ್ಕೋಜಿ ಹಿಡಿದದ್ದು ವೃತ್ತವಿಧಾನವೆಂಬ ಮಾರ್ಗವನ್ನು. ಅದರ ಮೂಲ 1918ರಲ್ಲಿ ಹಾರ್ಡಿ ಮತ್ತು ಶ್ರೀನಿವಾಸ ರಾಮಾನುಜನ್ ಪ್ರಕಟಿಸಿದ ಪ್ರಬಂಧದಲ್ಲಿದೆ ಎಂದು ಹಳೆಯ ವಿದ್ಯಾರ್ಥಿ ಗೆರೆ ಎಳೆದು ಬರೆದಿದ್ದ.

ವರ್ಗಗಳಿಗೇ ಇಂಥ ಶಕ್ತಿ ಏಕೆ? ನಿಷಿದ್ಧ ದೂರಗಳನ್ನು ವರ್ಗಕ್ಕಿಂತ ಒಂದು ಹೆಚ್ಚಾಗಿ, ಅಂದರೆ 2, 5, 10, 17 ಎಂದು ಇಟ್ಟುಕೊಂಡರೆ ಲೆಕ್ಕ ನೀರಸವಾಗುತ್ತದೆ. ಮೂರು ಗೂಟಕ್ಕೆ ಒಂದರಂತೆ ಮರ ನೆಟ್ಟರಾಯಿತು. ಅಂತರಗಳೆಲ್ಲ ಮೂರರ ಗುಣಿತ, ಆದರೆ ವರ್ಗಕ್ಕೆ ಒಂದು ಕೂಡಿಸಿದ್ದು ಮೂರರಿಂದ ಎಂದಿಗೂ ಭಾಗವಾಗದು. ವರ್ಗಗಳೊಡನೆ ಈ ಯುಕ್ತಿ ನಡೆಯದು. ಹತ್ತಕ್ಕೊಂದು ನೆಟ್ಟರೆ 100 ಅಡ್ಡ ಬರುತ್ತದೆ, ಸಾವಿರಕ್ಕೊಂದು ನೆಟ್ಟರೆ 10,00,000 ಅಡ್ಡ ಬರುತ್ತದೆ. ಯಾವ ಸಂಖ್ಯೆಯ ಗುಣಿತಗಳಲ್ಲಿಯೂ ಆ ಸಂಖ್ಯೆಯ ವರ್ಗ ಕುಳಿತೇ ಇರುತ್ತದೆ. ವರ್ಗಕ್ಕಿಂತ ಒಂದು ಕಡಿಮೆಯಾದ 3, 8, 15, 24 ಮುಂತಾದವುಗಳೂ ಹೀಗೆಯೇ ತಪ್ಪಿಸಿಕೊಳ್ಳಲಾಗದವು. ಯಾವುವನ್ನು ತಪ್ಪಿಸಬಹುದು, ಯಾವುವನ್ನು ಬಾರದು ಎಂಬುದಕ್ಕೆ ಕಾಮಾಯೆ ಮತ್ತು ಮಾಂದೆಸ್ ಫ್ರಾನ್ಸ್ ಎಂಬಿಬ್ಬರು 1978ರಲ್ಲಿ ಒರೆಗಲ್ಲನ್ನು ಕೊಟ್ಟಿದ್ದಾರೆ.

ಕಾಗದದಲ್ಲಿ ಮೇಷ್ಟ್ರನ್ನು ಹೆಚ್ಚು ಹೊತ್ತು ಕೂರಿಸಿದ ಪುಟ ಆರನೆಯದು. ಇಮ್ರೆ ರುಜಾ ಎಂಬ ಹಂಗೆರಿಯ ಇನ್ನೊಬ್ಬ ಗಣಿತಜ್ಞ 1984ರಲ್ಲಿ ಕೊಟ್ಟ ರಚನೆಯನ್ನು ಹಳೆಯ ವಿದ್ಯಾರ್ಥಿ ಹಳ್ಳಿಯ ಗೂಟಗಳಿಗೆ ಹೊಂದಿಸಿ ಸರಳಗೊಳಿಸಿದ್ದ. ಎಣಿಕೆಯನ್ನು ಸೊನ್ನೆಯಿಂದ ತೊಡಗಿ, ಹತ್ತರ ಬದಲು ಐದನ್ನು ಆಧಾರವಾಗಿಟ್ಟು ಸಂಖ್ಯೆಗಳನ್ನು ಬರೆಯಬೇಕು. ಬಿಡಿಯ ಸ್ಥಾನದಲ್ಲಿ 0 ಅಥವಾ 2 ಮಾತ್ರ ಇರಬಹುದು. ಐದರ ಸ್ಥಾನದಲ್ಲಿ ಏನು ಬೇಕಾದರೂ ಇರಲಿ. ಇಪ್ಪತ್ತೈದರ ಸ್ಥಾನದಲ್ಲಿ ಪುನಃ 0 ಅಥವಾ 2. ನೂರಿಪ್ಪತ್ತೈದರ ಸ್ಥಾನದಲ್ಲಿ ಏನಾದರೂ. ಹೀಗೆ ಒಂದು ಸ್ಥಾನಕ್ಕೆ ಕಟ್ಟು, ಮುಂದಿನದಕ್ಕೆ ಸ್ವಾತಂತ್ರ್ಯ. ಇಂಥ ಎರಡು ಸಂಖ್ಯೆಗಳನ್ನು ಕಳೆದಾಗ ಬಲಗಡೆಯಿಂದ ಮೊದಲ ವ್ಯತ್ಯಾಸ ಕಟ್ಟಿರುವ ಸ್ಥಾನದಲ್ಲಿ ಬಂದರೆ, 25 ಅಥವಾ ಅದರ ಘಾತವನ್ನು ಹೊರತೆಗೆದ ಮೇಲೆ ಐದರಿಂದ ಭಾಗಿಸಿದ ಶೇಷ 2 ಅಥವಾ 3 ಆಗುತ್ತದೆ, ಅದು ವರ್ಗವಲ್ಲ. ಮೊದಲ ವ್ಯತ್ಯಾಸ ಸ್ವತಂತ್ರ ಸ್ಥಾನದಲ್ಲಿ ಬಂದರೆ ಅಂತರದಲ್ಲಿ ಐದು ಎಂಬ ಅಪವರ್ತನ ಬೆಸಸಂಖ್ಯೆಯ ಸಲ ಬರುತ್ತದೆ. ವರ್ಗದಲ್ಲಿ ಅದು ಸಮಸಂಖ್ಯೆಯ ಸಲವೇ ಬರಬೇಕು. ಎರಡು ಕಡೆಯಿಂದಲೂ ಬಾಗಿಲು ಮುಚ್ಚಿತು.

ಈ ಸಾಲಿನ ಮೊದಲ ಹತ್ತು ಸಂಖ್ಯೆಗಳು ಮೇಷ್ಟ್ರ ಹತ್ತೇ. 25ರ ಬಳಿಕ ಅವರು 34, 39 ಎಂದು ಸಿಕ್ಕಿದಲ್ಲಿ ಹಿಡಿದರೆ, ಇದು 50ರವರೆಗೆ ಏನನ್ನೂ ಮುಟ್ಟದೆ ಸುಮ್ಮನಿದ್ದು, 50, 52, 55, 57 ಎಂದು ಹಳೆಯ ತಾಳವನ್ನು ಪುನಃ ಹಿಡಿಯುತ್ತದೆ. 72ಕ್ಕೆ ಬರುವಾಗ ಮೇಷ್ಟ್ರ ಮರಗಳು 19, ಇದರವು 20. ಒಂದು ತೋಟದ ಇಪ್ಪತ್ತೈದು ಗೂಟಗಳಷ್ಟು ಅಗಲದ ಬರಿದು ನೆಲವನ್ನು ಬೇಕೆಂದೇ ಬಿಟ್ಟವನು ಮುಂದೆ ಹೋದ. 625ರ ಒಳಗೆ ಈ ರೀತಿಯ ಸಂಖ್ಯೆಗಳು ಸರಿಯಾಗಿ 100. 3,90,625ರ ಒಳಗೆ 10,000. ಪ್ರಮಾಣ ಇಪ್ಪತ್ತೈದಕ್ಕೆ ನೂರಕ್ಕೆ 40 ಇದ್ದದ್ದು, 625ಕ್ಕೆ 16, ಇಲ್ಲಿಗೆ ಬರುವಾಗ 2.56. ಕುಗ್ಗುವುದಂತೂ ತಪ್ಪಲಿಲ್ಲ. ರುಜಾ ಸ್ವತಃ ಐದರ ಬದಲು 65ನ್ನು ಆಧಾರವಾಗಿಟ್ಟು ಏಳು ಶೇಷಗಳನ್ನು ಆರಿಸಿಕೊಂಡು, ಸಾಲಿನ ಉದ್ದದ 0.733ನೆಯ ಘಾತದಷ್ಟು ಮರಗಳು ಸಾಧ್ಯವೆಂದು ತೋರಿಸಿದ್ದರು.

ಅಲ್ಲಿಂದ ಈಚೆಗೆ ಈ ಲೆಕ್ಕ ನಿಂತಿಲ್ಲ. 2015ರಲ್ಲಿ ಮಾರ್ಕ್ ಲ್ಯೂಕೊ 205ನ್ನು ಆಧಾರವಾಗಿಟ್ಟು 12 ಶೇಷಗಳಿಂದ ಆ ಘಾತವನ್ನು 0.7334ಕ್ಕೆ ಏರಿಸಿದರು. ಮೂವತ್ತೊಂದು ವರ್ಷಗಳ ದುಡಿಮೆಗೆ ದಶಾಂಶದ ನಾಲ್ಕನೆಯ ಸ್ಥಾನದಲ್ಲಿ ಕೂಲಿ! ಮೇಲಿನ ಮಿತಿಯನ್ನು ಇಳಿಸುವ ಕೆಲಸದಲ್ಲಿ 1988ರಲ್ಲಿ ಪಿಂಟ್ಸ್, ಸ್ಟೀಗರ್, ಸೆಮೆರೆಡಿ ಎಂಬ ಮೂವರು ಒಂದು ಹೆಜ್ಜೆ ಇಟ್ಟರು. 2022ರಲ್ಲಿ ಪ್ರಕಟವಾದ ಪ್ರಬಂಧದಲ್ಲಿ ಥಾಮಸ್ ಬ್ಲೂಮ್ ಮತ್ತು ಜೇಮ್ಸ್ ಮೇನಾರ್ಡ್ ಅದನ್ನು ದಾಟಿದರು. 2024ರಲ್ಲಿ ಬೆನ್ ಗ್ರೀನ್ ಮತ್ತು ಮೆಹ್ತಾಬ್ ಸಾಹ್ನಿ ಅದನ್ನೂ ಬಹು ದೂರ ದಾಟಿದರು. ಆದರೂ ಕೆಳಗಿನ ಮಿತಿಗೂ ಮೇಲಿನ ಮಿತಿಗೂ ನಡುವೆ ಇರುವ ಕಂದರ ಚಾರ್ಮಾಡಿಯ ಕಂದರದಂತೆ ಹಾಗೆಯೇ ಇದೆ. ಉದ್ದದ ಯಾವುದಾದರೂ ನಿಶ್ಚಿತ ಘಾತಕ್ಕೆ, ಒಂದಕ್ಕಿಂತ ಕಡಿಮೆಯಾದದ್ದಕ್ಕೆ, ಮರಗಳ ಸಂಖ್ಯೆ ಇಳಿದು ನಿಲ್ಲುತ್ತದೆಯೋ ಇಲ್ಲವೋ ಎಂಬುದು ಇತ್ಯರ್ಥವಾಗಿಲ್ಲ. ಈ ಲೆಕ್ಕವನ್ನು ಮುಟ್ಟಿದವರಲ್ಲಿ ಸೆಮೆರೆಡಿಗೆ 2012ರಲ್ಲಿ, ಫರ್ಸ್ಟೆನ್‌ಬರ್ಗರಿಗೆ 2020ರಲ್ಲಿ, ಲೊವಾಸರಿಗೆ 2021ರಲ್ಲಿ ಆಬೆಲ್ ಪ್ರಶಸ್ತಿ ಬಂದಿದೆ. ಮೇನಾರ್ಡರಿಗೆ 2022ರಲ್ಲಿ ಫೀಲ್ಡ್ಸ್ ಪದಕ. ಬೇರೆ ಬೇರೆ ಸಾಧನೆಗಳಿಗಾಗಿ ಸಂದ ಗೌರವಗಳು ಅವು. ಆದರೂ ಮಳೆಗಾಲದ ಆಟವೆಂದು ಕಡೆಗಣಿಸಬಾರದೆಂಬುದಕ್ಕೆ ಅಷ್ಟು ಸಾಕು.

ಕಾಗದ ಓದಿ ಮುಗಿಸಿದ ದಿನ ಉಪಾಧ್ಯಾಯರು ತರಗತಿಗೆ ಹೋಗಿ ಹುಡುಗಿಯ ಹನ್ನೆರಡು ಸಂಖ್ಯೆಗಳನ್ನು ಕಪ್ಪುಹಲಗೆಯ ಮೇಲೆ ಬರೆದರು. ಅರವತ್ತಾರು ಅಂತರಗಳನ್ನೂ ಮಕ್ಕಳಿಂದಲೇ ತೆಗೆಸಿದರು. “ತಪ್ಪು ಮಾಡಿದವರು ಯಾರು?” ಎಂದು ಕೇಳಿ, ಯಾರೂ ಉತ್ತರ ಹೇಳುವ ಮೊದಲೇ “ನಾನು” ಎಂದರು. ಈ ಸಲ ಯಾರೂ ನಗಲಿಲ್ಲ. ಕೇಳಬೇಕಾದವಳು ಅಲ್ಲಿ ಇರಲೂ ಇಲ್ಲ.

ಶಾಲೆ ಬಿಟ್ಟ ಮೇಲೆ ಕೊಡೆ ಹಿಡಿದು ತೋಟಕ್ಕೆ ನಡೆದರು. ಸಂಜೆಯ ಹೊತ್ತು, ಕಣದಲ್ಲಿ ಒಣಹಾಕಿದ್ದ ಕಾಫಿಯನ್ನು ಒಟ್ಟುಮಾಡಿ ಮುಚ್ಚುವ ಗಡಿಬಿಡಿ. ತೋಟದ ರೈಟರು ತೂಕದ ಪುಸ್ತಕ ಹಿಡಿದು ನಿಂತಿದ್ದರು. ಮೇಷ್ಟ್ರು ಬಂದದ್ದನ್ನು ಕಂಡ ತಾಯಿಗೆ ಗಾಬರಿ. ಸೆರಗಿನಿಂದ ಕೈ ಒರೆಸಿಕೊಳ್ಳುತ್ತ, “ಇವಳೇನಾದರೂ ತಪ್ಪು ಮಾಡಿದಳಾ ಸಾರ್? ಕೊಯ್ಲು ಮುಗಿದ ಕೂಡಲೇ ಕಳಿಸ್ತೀವಿ” ಎಂದಳು.

“ತಪ್ಪು ಮಾಡಿದ್ದು ನಾನಮ್ಮಾ. ಅದನ್ನು ಹೇಳುವುದಕ್ಕೇ ಬಂದೆ” ಎಂದರು ಉಪಾಧ್ಯಾಯರು. ರೈಟರು ಪುಸ್ತಕದಿಂದ ತಲೆಯೆತ್ತಿ ನೋಡಿದರು. ತಾಯಿಗೆ ಆ ಮಾತು ಅರ್ಥವಾಯಿತೆಂದು ತೋರಲಿಲ್ಲ, ಮಗಳಿಗೆ ಆಯಿತು. ಆಕೆ ಬುಟ್ಟಿಯನ್ನು ಕೆಳಗಿಟ್ಟು ಹತ್ತಿರ ಬಂದು ನಿಂತಳು.

“ನಾಲ್ಕರಿಂದ ಹೇಗೆ ಶುರುಮಾಡಿದೆ ಮಗೂ?”

“ನಾಲ್ಕರಿಂದ ಶುರುಮಾಡಲಿಲ್ಲ ಸಾರ್. ನಡುವಿನಿಂದ ಮಾಡಿದೆ. ಹದಿನೆಂಟು, ಇಪ್ಪತ್ತೊಂದು ಇಟ್ಟುಕೊಂಡು ಎರಡೂ ಕಡೆಗೆ ಒಂದೊಂದು ಹಾಕುತ್ತ ಬಂದೆ. ಹೂ ಕಟ್ಟುವ ಹಾಗೆ. ಈ ಕಡೆ ಸರಿಯಾದರೆ ಆ ಕಡೆಯೂ ಸರಿ, ಅರ್ಧ ನೋಡಿದರೆ ಸಾಕು.”

ಉಪಾಧ್ಯಾಯರು ಸ್ವಲ್ಪ ಹೊತ್ತು ಮಾತನಾಡಲಿಲ್ಲ. ಅವರು ಅಷ್ಟು ವರ್ಷಗಳಲ್ಲಿ ಒಂದನೆಯ ಗೂಟವನ್ನು ಬಿಟ್ಟು ಬೇರೆಲ್ಲಿಂದಲೂ ಹೊರಟವರಲ್ಲ. ಜೇಬಿನಿಂದ ಆಕೆಯ ಹಾಳೆಯನ್ನು ತೆಗೆದು, ಕೆಂಪು ಗೆರೆಯ ಪಕ್ಕದಲ್ಲಿ ‘ಸರಿಯಾಗಿದೆ’ ಎಂದು ಬರೆದು, ಕೆಳಗೆ ತಮ್ಮ ರುಜು ಹಾಕಿ ಕೊಟ್ಟರು. ಆಕೆ ಅದನ್ನು ಮಡಿಸಿ ಇಟ್ಟುಕೊಳ್ಳಲಿಲ್ಲ, ಹಾಗೆಯೇ ಕೈಯಲ್ಲಿ ಹಿಡಿದು ನೋಡುತ್ತ ನಿಂತು, “ನಿಮ್ಮ ಸಾಲಿನಲ್ಲಿ ಹದಿಮೂರನೆಯ ಮರ 45ರಲ್ಲಿ ಬರುತ್ತದಲ್ಲ ಸಾರ್. ಅದನ್ನೂ ಇನ್ನು ಹತ್ತಿರಕ್ಕೆ ತರಬಹುದೋ ಏನೋ. ನನಗೆ ಇನ್ನೂ ಸಿಕ್ಕಿಲ್ಲ” ಎಂದಳು.

ರೈಟರು ಆಕೆಯ ತಾಯಿಯ ಹೆಸರನ್ನು ಕೂಗಿ ತೂಕಕ್ಕೆ ಕರೆದರು. ಉಪಾಧ್ಯಾಯರು ಕೊಡೆಯನ್ನು ಗೋಡೆಗೆ ಒರಗಿಸಿ, ಕಣದ ಅಂಚಿನಲ್ಲಿ ಕುಕ್ಕರಗಾಲಿನಲ್ಲಿ ಕುಳಿತು, ಒಣಗಿದ ಕಾಫಿಯ ಹಣ್ಣುಗಳನ್ನು ಒಂದೊಂದಾಗಿ ಸಾಲು ಜೋಡಿಸತೊಡಗಿದರು. ಈ ಸಲ ನಡುವಿನಿಂದ.